ಮೇಣದ ಬತ್ತಿಯ ಸಂಘಗಳು: ಇಂಗ್ಲೆಂಡಿನ ಹಳೇ ಗಿಲ್ಡ್‌ಗಳ ಜಮಾಖರ್ಚು



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಬೇಕು ಎಂದು ಸಂಪಾದಕ ಸಮಿತಿಯವರು ಹೇಳಿದಾಗ ನಮಗೆ ಕೈಕಾಲೇ ಆಡಲಿಲ್ಲ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ನೇಗಿಲು ಹಿಡಿಯುವ ಕೈ ಪೆನ್ನು ಹಿಡಿಯುವುದು ಸಂಘದ ನಡವಳಿ ಪುಸ್ತಕಕ್ಕೆ ರುಜು ಹಾಕುವಾಗ ಅಷ್ಟೇ. ಸಂಘ ಹುಟ್ಟಿದ್ದು, ಗೋದಾಮು ಕಟ್ಟಿದ್ದು, ಗೊಬ್ಬರದ ವ್ಯಾಪಾರ ಶುರು ಮಾಡಿದ್ದು, ಇವನ್ನೆಲ್ಲ ಅಧ್ಯಕ್ಷರೂ ಕಾರ್ಯದರ್ಶಿಯವರೂ ಆಗಲೇ ಬರೆದಿದ್ದಾರೆ. ರುಬ್ಬಿದ್ದನ್ನೇ ರುಬ್ಬುವುದು ಬೇಡ ಅಂತ ನಾವು ಬೇರೆ ಒಂದು ವಿಷಯ ಹಿಡಿದಿದ್ದೇವೆ.

ನಮ್ಮೂರಿನವರೇ ಆಗಿ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ಸಂಜೆ ಹೊತ್ತು ಸೊಸೈಟಿ ಜಗಲಿಗೆ ಬಂದು ಕೂರುತ್ತಾರೆ. ಒಂದು ದಿನ ನಾವು ಮಹಾಸಭೆಗೆ ಜನ ಬರೋದಿಲ್ಲ ಅಂತ ಗೊಣಗುತ್ತಿದ್ದಾಗ ಅವರು, "ನಿಮ್ಮಂಥ ಸಂಘಗಳು ಇಂಗ್ಲೆಂಡಿನಲ್ಲಿ ಐದಾರು ನೂರು ವರ್ಷದ ಹಿಂದೆ ಊರೂರಿಗೆ ಇದ್ದವು ಕಣ್ರಪ್ಪ. ಅವು ಹೇಗೆ ದುಡ್ಡು ಕೂಡಿಸಿದವು, ಹೇಗೆ ಹಾಳಾದವು ಅನ್ನೋದನ್ನ ಕೇಳಿ" ಎಂದು ಶುರು ಮಾಡಿದರು. ಇಂಗ್ಲಿಷ್ ಪುಸ್ತಕ ತಂದು ಓದಿ ಓದಿ ಅರ್ಥ ಹೇಳಿದರು. ಅದನ್ನೇ ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ. ಒಳ್ಳೆಯದೇನಾದರೂ ಇದ್ದರೆ ಮೇಷ್ಟ್ರದು, ತಪ್ಪಿದ್ದರೆ ನಮ್ಮದು.

ಗಿಲ್ಡ್ ಎಂದರೇನು?

ಆ ಸಂಘಗಳಿಗೆ ಗಿಲ್ಡ್ ಎಂದು ಹೆಸರು. ನೇಕಾರರ ಗಿಲ್ಡ್, ಕಮ್ಮಾರರ ಗಿಲ್ಡ್ ಹೀಗೆ ಕಸುಬಿನ ಗಿಲ್ಡ್‌ಗಳು ಬೇರೆ ಇದ್ದವು. ನಾವು ಹೇಳುತ್ತಿರುವುದು ಧಾರ್ಮಿಕ ಗಿಲ್ಡ್‌ಗಳ ವಿಚಾರ. ಒಂದು ಊರಿನ ಜನ ತಮ್ಮ ಚರ್ಚಿನ ಒಬ್ಬ ಸಂತನ ಹೆಸರಿನಲ್ಲೋ, ಮೇರಿ ಮಾತೆಯ ಹೆಸರಿನಲ್ಲೋ ಸೇರಿ ಕಟ್ಟಿಕೊಂಡ ಸಂಘ ಅದು. ಸಂತನ ಮೂರ್ತಿಯ ಮುಂದೆ ಸದಾ ಮೇಣದ ಬತ್ತಿ ಉರಿಸುವುದು ಅವರ ಮೊದಲ ಕೆಲಸ. ವರ್ಷಕ್ಕೊಮ್ಮೆ ಸಂತನ ಹಬ್ಬದ ದಿನ ಎಲ್ಲರೂ ಮೆರವಣಿಗೆ ಹೋಗಿ, ಪೂಜೆ ಮುಗಿಸಿ, ಒಟ್ಟಿಗೆ ಕೂತು ಊಟ ಮಾಡುವುದು. ಸದಸ್ಯರು ಯಾರಾದರೂ ತೀರಿಕೊಂಡರೆ ಎಲ್ಲರೂ ಮಣ್ಣಿಗೆ ಹೋಗುವುದು, ಸತ್ತವರ ಆತ್ಮಕ್ಕೆ ಪ್ರಾರ್ಥನೆ ಮಾಡಿಸುವುದು. ಸತ್ತ ಮೇಲೆ ಆತ್ಮ ಸ್ವರ್ಗಕ್ಕೆ ಹೋಗುವ ಮೊದಲು ಪಾಪ ತೊಳೆಯುವ ಒಂದು ಜಾಗದಲ್ಲಿ ನರಳುತ್ತದೆ, ಬದುಕಿರುವವರು ಪೂಜೆ ಮಾಡಿಸಿದರೆ ಆ ನರಳಾಟ ಕಡಿಮೆಯಾಗುತ್ತದೆ ಎಂಬುದು ಆಗಿನ ಅವರ ನಂಬಿಕೆ. ಬಡವನಿಗೆ ಒಬ್ಬನೇ ಪಾದ್ರಿಯನ್ನು ಇಟ್ಟುಕೊಳ್ಳಲು ಆಗದು. ನೂರು ಜನ ಸೇರಿದರೆ ಆದೀತು. ಅದೇ ಗಿಲ್ಡ್‌ನ ಮೂಲ.

ಆದರೆ ಬರೀ ಪೂಜೆ ಅಲ್ಲ. 1388ರಲ್ಲಿ ಕೇಂಬ್ರಿಜ್ ಊರಿನಲ್ಲಿ ಸೇರಿದ ಪಾರ್ಲಿಮೆಂಟಿನ ನಂತರ ಅರಸ ಎರಡನೇ ರಿಚರ್ಡ್, ದೇಶದ ಎಲ್ಲಾ ಗಿಲ್ಡ್‌ಗಳೂ ತಮ್ಮ ನಿಯಮ ಏನು, ಆಸ್ತಿ ಎಷ್ಟು ಅಂತ ಬರೆದುಕೊಡಬೇಕು ಎಂದು ಆಜ್ಞೆ ಮಾಡಿದ. 1389ರಲ್ಲಿ ಬಂದ ಆ ಉತ್ತರಗಳಲ್ಲಿ ಸುಮಾರು 500 ಇನ್ನೂ ಉಳಿದಿವೆ. ಅವುಗಳಲ್ಲಿ ಹಲವನ್ನು ಟೌಲ್ಮಿನ್ ಸ್ಮಿತ್ ಎಂಬ ವಿದ್ವಾಂಸರು ಸಂಗ್ರಹಿಸಿದ್ದು, 1870ರಲ್ಲಿ ಪುಸ್ತಕವಾಗಿ ಬಂತು. ಓದಿದರೆ ನಮ್ಮ ಉಪವಿಧಿಗಳನ್ನೇ ಓದಿದ ಹಾಗಿದೆ. ಸದಸ್ಯನಾಗಲು ಪ್ರವೇಶ ಧನ. ವರ್ಷಕ್ಕಿಷ್ಟು ವಂತಿಗೆ. ಸಭೆಗೆ ಬಾರದವನಿಗೆ ದಂಡ, ಸಭೆಯಲ್ಲಿ ಬಾಯಿಗೆ ಬಂದಂತೆ ಮಾತಾಡಿದವನಿಗೆ ದಂಡ. ಎಷ್ಟೋ ಕಡೆ ಈ ದಂಡ ದುಡ್ಡಿನಲ್ಲಿ ಅಲ್ಲ, ಮೇಣದಲ್ಲಿ. ಸದಸ್ಯರ ನಡುವೆ ಜಗಳ ಬಂದರೆ ಮೊದಲು ಗಿಲ್ಡ್‌ನ ಹಿರಿಯರ ಮುಂದೆ ಹೇಳಬೇಕು, ಕೋರ್ಟು ಆಮೇಲೆ. ಕಾಯಿಲೆ ಬಿದ್ದವನಿಗೆ, ಬೆಂಕಿಯಲ್ಲಿ ಮನೆ ಕಳೆದುಕೊಂಡವನಿಗೆ, ಕಳ್ಳತನಕ್ಕೆ ಸಿಕ್ಕವನಿಗೆ ವಾರಕ್ಕಿಷ್ಟು ಸಹಾಯ. ಆದರೆ ಕಷ್ಟ ಅವನ ಸ್ವಂತ ತಪ್ಪಿನಿಂದ ಬಂದಿರಬಾರದು ಎಂಬ ಷರತ್ತು. ಹಲವು ಗಿಲ್ಡ್‌ಗಳಲ್ಲಿ ಈ ಸಹಾಯ ವಾರಕ್ಕೆ 7 ಪೆನ್ನಿ, ಅಂದರೆ ದಿನಕ್ಕೆ ಒಂದು.

ಅಲ್ಲಿನ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ನಮ್ಮಲ್ಲಿ ಹಿಂದೆ 12 ಪೈಗೆ ಒಂದಾಣೆ, 16 ಆಣೆಗೆ ರೂಪಾಯಿ ಇದ್ದ ಹಾಗೆ. 15ನೇ ಶತಮಾನದಲ್ಲಿ ಕೂಲಿಯವನ ದಿನಗೂಲಿ ಸುಮಾರು 4 ಪೆನ್ನಿ. ಅಂದರೆ ವಾರಕ್ಕೆ 7 ಪೆನ್ನಿ ಎಂದರೆ ಎರಡು ದಿನದ ಕೂಲಿಗೆ ಹತ್ತಿರ. ಹೊಟ್ಟೆ ತುಂಬುವಷ್ಟಲ್ಲ, ಆದರೆ ಸಾಯದೆ ಇರುವಷ್ಟು.

ಇನ್ನೊಂದು ಮಾತು. ಈ ಸಂಘಗಳಲ್ಲಿ ಸದಸ್ಯರನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಎಂದು ಕರೆಯುತ್ತಿದ್ದರು. ಹೆಂಗಸರೂ ವಂತಿಗೆ ಕೊಟ್ಟು ಸದಸ್ಯರಾಗುತ್ತಿದ್ದರು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ದುಡ್ಡು ಎಲ್ಲಿಂದ ಬರುತ್ತಿತ್ತು?

ಇದೇ ಮುಖ್ಯ ವಿಷಯ. ಗಿಲ್ಡ್‌ಗಳ ಆದಾಯ ಎರಡು ದಾರಿಯಲ್ಲಿ ಬರುತ್ತಿತ್ತು. ಬದುಕಿದ್ದವರು ಕೊಡುವುದು ಒಂದು, ಸತ್ತವರು ಬಿಟ್ಟು ಹೋಗುವುದು ಇನ್ನೊಂದು.

ಹಳ್ಳಿಯ ಸಣ್ಣ ಗಿಲ್ಡ್‌ಗಳು ಮೊದಲನೆಯದರ ಮೇಲೇ ನಡೆಯುತ್ತಿದ್ದವು. ಸದಸ್ಯರ ಪೆನ್ನಿ, ಒಂದಿಷ್ಟು ಬಾರ್ಲಿ, ಒಂದಿಷ್ಟು ಮೇಣ. ಕೆಲವು ಕಡೆ ಗಿಲ್ಡ್‌ಗೇ ಸೇರಿದ ಹಸು, ಕುರಿ ಇರುತ್ತಿದ್ದವು. ಅವನ್ನು ಸದಸ್ಯರಿಗೆ ಸಾಕಲು ಕೊಟ್ಟು ವರ್ಷಕ್ಕಿಷ್ಟು ಗುತ್ತಿಗೆ ತೆಗೆದುಕೊಳ್ಳುತ್ತಿದ್ದರು. ಗಂಟಿನಲ್ಲಿದ್ದ ಹಣವನ್ನು ಸದಸ್ಯರಿಗೇ ಸಾಲ ಕೊಟ್ಟು, ಹಬ್ಬದ ದಿನ ಸ್ವಲ್ಪ ಹೆಚ್ಚಿಗೆ ಸೇರಿಸಿ ವಾಪಸ್ಸು ಪಡೆಯುತ್ತಿದ್ದರು. ಇದಕ್ಕಿಂತ ಸೊಸೈಟಿ ಬೇರೆ ಬೇಕೇ? ಹನಿ ಹನಿ ಗೂಡಿದರೆ ಹಳ್ಳ ಎಂಬುದು ಎಲ್ಲಾ ದೇಶಕ್ಕೂ ಒಂದೇ.

ಪೇಟೆಯ ದೊಡ್ಡ ಗಿಲ್ಡ್‌ಗಳ ದಾರಿ ಬೇರೆ. ಲಡ್ಲೋ ಎಂಬ ಊರಿನ ಪಾಮರ್ಸ್ ಗಿಲ್ಡ್‌ನಲ್ಲಿ ಸದಸ್ಯತ್ವ ಒಬ್ಬರಿಗೆ 6 ಶಿಲಿಂಗ್ 8 ಪೆನ್ನಿ, ಗಂಡಹೆಂಡತಿ ಇಬ್ಬರಿಗೆ 13 ಶಿಲಿಂಗ್ 4 ಪೆನ್ನಿ. ಒಬ್ಬರ ಹಣವೇ ಇಪ್ಪತ್ತು ದಿನದ ಕೂಲಿ ಆಯಿತು. ಅದಕ್ಕೆ ಕಂತಿನಲ್ಲಿ ಕೊಡಲು ಅವಕಾಶ ಇತ್ತು. ಗಿಲ್ಡ್‌ನ ಕಡೆಯವರು ಕುದುರೆ ಏರಿ ಊರೂರು ಸುತ್ತಿ ಕಂತು ವಸೂಲು ಮಾಡುತ್ತಿದ್ದರು. ಯಾರ್ಕ್ ನಗರದ ಕಾರ್ಪಸ್ ಕ್ರಿಸ್ಟಿ ಗಿಲ್ಡ್ 1408ರಲ್ಲಿ ಶುರುವಾಗಿ 1547ರವರೆಗೆ ನಡೆಯಿತು. ಅದರ ಸದಸ್ಯರ ಪುಸ್ತಕದಲ್ಲಿ 16,000ಕ್ಕೂ ಹೆಚ್ಚು ಹೆಸರುಗಳಿವೆ. ಮುಂದೆ ಮೂರನೇ ರಿಚರ್ಡ್ ಎಂದು ಅರಸನಾದವನೂ ಅವನ ಹೆಂಡತಿಯೂ 1477ರಲ್ಲಿ ಅದಕ್ಕೆ ಸೇರಿದರು. ಬಾಸ್ಟನ್ ಊರಿನ ಮೇರಿ ಮಾತೆಯ ಗಿಲ್ಡ್ ಇನ್ನೂ ಜಾಣತನ ಮಾಡಿತು. ರೋಮಿನ ಪೋಪರಿಂದ ಪಾಪ ಪರಿಹಾರದ ವಿಶೇಷ ಹಕ್ಕು ತಂದು, ತನ್ನ ಸದಸ್ಯರಾದವರಿಗೆ ಅದು ಸಿಗುತ್ತದೆ ಎಂದು ದೂರದೂರದ ಜನರನ್ನು ಸೇರಿಸಿಕೊಂಡಿತು.

ಇನ್ನು ಸತ್ತವರು ಬಿಟ್ಟು ಹೋಗುವುದು. ಮಕ್ಕಳಿಲ್ಲದವರು, ವ್ಯಾಪಾರದಲ್ಲಿ ದುಡಿದವರು ಗಿಲ್ಡ್‌ಗೆ ಮನೆ, ಜಮೀನು ಬರೆದುಕೊಡುತ್ತಿದ್ದರು. ನಮ್ಮಲ್ಲಿ ದೇವಸ್ಥಾನಕ್ಕೆ ದತ್ತಿ ಬಿಟ್ಟ ಹಾಗೆ. ಸ್ಟ್ರಾಟ್‌ಫರ್ಡ್ ಊರಿನಲ್ಲಿ, ನಾಟಕಕಾರ ಷೇಕ್ಸ್‌ಪಿಯರ್ ಹುಟ್ಟಿದ ಊರದು, ಹೋಲಿ ಕ್ರಾಸ್ ಗಿಲ್ಡ್ ಇತ್ತು. ಥಾಮಸ್ ಜಾಲಿಫ್ ಎಂಬ ಪಾದ್ರಿ 1482ರಲ್ಲಿ ಅದಕ್ಕೆ ಆಸ್ತಿ ಕೊಟ್ಟು, ಆ ಊರಿನ ಶಾಲೆಗೆ ಬರುವ ಮಕ್ಕಳಿಗೆ ಮೇಷ್ಟ್ರು ಬಿಟ್ಟಿಯಾಗಿ ವ್ಯಾಕರಣ ಕಲಿಸಬೇಕು, ತನ್ನ ಆತ್ಮಕ್ಕೆ ಪೂಜೆಯೂ ನಡೆಯಬೇಕು ಎಂದು ಷರತ್ತು ಹಾಕಿದ. ಹೀಗೆ ಬಂದ ಆಸ್ತಿಯಿಂದ ಗಿಲ್ಡ್‌ಗಳು ಶಾಲೆ ನಡೆಸಿದವು, ಮುದುಕರಿಗೆ ವಸತಿ ಕಟ್ಟಿದವು, ಸಭಾಭವನ ಕಟ್ಟಿದವು. ಕೇಂಬ್ರಿಜ್‌ನಲ್ಲಿ ಎರಡು ಗಿಲ್ಡ್‌ಗಳು ಸೇರಿ 1352ರಲ್ಲಿ ಒಂದು ಕಾಲೇಜನ್ನೇ ಕಟ್ಟಿದವು. ಕಾರ್ಪಸ್ ಕ್ರಿಸ್ಟಿ ಕಾಲೇಜು ಎಂದು ಅದು ಇವತ್ತಿಗೂ ಇದೆ.

ಆಸ್ತಿಯ ಜೊತೆಗೆ ಬಂದ ಭಾರ

ಆಸ್ತಿ ಬಂತು ಅಂದರೆ ಕಷ್ಟ ತೀರಿತು ಅಂತ ನಾವು ತಿಳಿಯುತ್ತೇವೆ. ಒಂದು ಲೆಕ್ಕ ಹಾಕಿ ನೋಡೋಣ. ನಮ್ಮ ಸಂಘಕ್ಕೆ ಒಬ್ಬರು ಒಂದೆಕರೆ ಜಮೀನು ಬರೆದುಕೊಟ್ಟು, ಇದರ ಗುತ್ತಿಗೆಯಲ್ಲಿ ಪ್ರತಿ ವರ್ಷ ನನ್ನ ತಿಥಿ ದಿನ ಊರಿಗೆಲ್ಲಾ ಅನ್ನ ಹಾಕಿ, ಭೂಮಿ ಆಕಾಶ ಇರೋವರೆಗೂ ನಿಲ್ಲಿಸಬೇಡಿ ಎಂದರು ಅನ್ನಿ. ಮೊದಲು ಗುತ್ತಿಗೆ ಹಣ ಸಾಕಾಗುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಅಕ್ಕಿ ಬೇಳೆ ಬೆಲೆ ಏರಿರುತ್ತದೆ, ಬೋರ್‌ವೆಲ್ ಬತ್ತಿ ಗುತ್ತಿಗೆ ಇಳಿದಿರುತ್ತದೆ. ಆದರೆ ಅನ್ನ ಹಾಕುವ ಮಾತು ಮಾತ್ರ ಇಳಿಯೋದಿಲ್ಲ.

ಅಲ್ಲಿ ಆದದ್ದು ಹೀಗೇ. 1348ರಲ್ಲಿ ದೊಡ್ಡ ಪ್ಲೇಗು ಬಂದು ಇಂಗ್ಲೆಂಡಿನ ಜನರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸತ್ತರು. ಆಮೇಲೂ ಪ್ಲೇಗು ಮತ್ತೆ ಮತ್ತೆ ಬಂತು. ಸಾವಿನ ಭಯಕ್ಕೆ ಗಿಲ್ಡ್‌ಗಳು ಹೆಚ್ಚಿದವು, ಅದು ನಿಜ. ಆದರೆ ಜನ ಕಡಿಮೆಯಾದ್ದರಿಂದ ಕೂಲಿ ಏರಿತು, 15ನೇ ಶತಮಾನದಲ್ಲಿ ಎಷ್ಟೋ ಪೇಟೆಗಳಲ್ಲಿ ಮನೆ ಬಾಡಿಗೆ ಇಳಿಯಿತು. ಮನೆಗಳು ಖಾಲಿ ಬಿದ್ದವು, ಖಾಲಿ ಮನೆಗೆ ರಿಪೇರಿ ಖರ್ಚು ಬೇರೆ. ಪಾದ್ರಿಗೆ ವರ್ಷಕ್ಕೆ ನಾಲ್ಕೈದು ಪೌಂಡ್ ಸಂಬಳ ಕೊಡಲೇಬೇಕು. ಸತ್ತವರ ವಾರ್ಷಿಕ ಪೂಜೆಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು.

ಇದರ ಮೇಲೆ ಸರ್ಕಾರದ ಕೈ. ಭೂಮಿ ಚರ್ಚಿನ ಕೈಗೆ ಹೋದರೆ ಅರಸನಿಗೂ ಜಮೀನುದಾರರಿಗೂ ಬರುವ ಹಕ್ಕು ಕಂದಾಯ ತಪ್ಪುತ್ತದೆ ಎಂದು 1279ರಲ್ಲೇ ಒಂದು ಕಾನೂನು ಮಾಡಿದ್ದರು. 1391ರಲ್ಲಿ ಅದನ್ನು ಗಿಲ್ಡ್‌ಗಳಿಗೂ ಹಬ್ಬಿಸಿದರು. ಅಂದರೆ ಗಿಲ್ಡ್ ತನ್ನ ಹೆಸರಿಗೆ ಜಮೀನು ಮಾಡಿಕೊಳ್ಳಬೇಕಾದರೆ ಅರಸನಿಗೆ ಹಣ ಕಟ್ಟಿ ಅಪ್ಪಣೆ ಪಡೆಯಬೇಕು. ಕಟ್ಟಲಾರದ ಸಣ್ಣ ಗಿಲ್ಡ್‌ಗಳಿಗೆ ಬೆಳೆಯುವ ದಾರಿ ಇಕ್ಕಟ್ಟಾಯಿತು. ಕಟ್ಟಿದ ದೊಡ್ಡ ಗಿಲ್ಡ್‌ಗಳ ಆಸ್ತಿ ಅರಸನ ದಫ್ತರದಲ್ಲಿ ಬರವಣಿಗೆಯಾಗಿ ಕೂತಿತು.

ಇನ್ನೂ ಒಂದು ಸಂಗತಿ ಕೇಳಿ ನಮಗೆ ಆಶ್ಚರ್ಯವಾಯಿತು. 1388ರ ಆ ಪಾರ್ಲಿಮೆಂಟಿನಲ್ಲೇ ಪ್ರತಿನಿಧಿಗಳು, ಈ ಗಿಲ್ಡ್‌ಗಳನ್ನು ತೆಗೆದುಹಾಕಿ ಅವುಗಳ ಹಣವನ್ನು ಯುದ್ಧದ ಖರ್ಚಿಗೆ ಬಳಸಿ ಎಂದು ಕೇಳಿದ್ದರಂತೆ. 1381ರಲ್ಲಿ ರೈತರು ದಂಗೆ ಎದ್ದ ಮೇಲೆ ಜನ ಗುಂಪು ಕೂಡುವುದೆಂದರೆ ದೊಡ್ಡವರಿಗೆ ಅನುಮಾನ. ಅರಸ ಆಗ ಲೆಕ್ಕ ಕೇಳಿ ಸುಮ್ಮನಾದ. ಆದರೆ ಗಿಲ್ಡ್‌ಗಳ ಗಂಟಿನ ಮೇಲೆ ಕಣ್ಣು ಬಿದ್ದದ್ದು ಅವತ್ತೇ.

ದೀಪ ಆರಿದ ವಿಧಾನ

ಎಂಟನೇ ಹೆನ್ರಿ ಅರಸ ಪೋಪರ ಸಂಬಂಧ ಕಡಿದುಕೊಂಡ ಮೇಲೆ ಕಾಲ ತಿರುಗಿತು. ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಮಠಗಳನ್ನು ಮುಚ್ಚಿಸಿದ. 1538ರಲ್ಲಿ ಅವನು ಹೊರಡಿಸಿದ ಆಜ್ಞೆಯಂತೆ ಮೂರ್ತಿಗಳ ಮುಂದೆ ಮೇಣದ ಬತ್ತಿ ಹಚ್ಚುವುದು ನಿಂತಿತು. ಇದೇ ಕ್ರಾಮ್‌ವೆಲ್ ಯುವಕನಾಗಿದ್ದಾಗ, ನಾವು ಮೇಲೆ ಹೇಳಿದ ಬಾಸ್ಟನ್ ಗಿಲ್ಡ್‌ನ ಪರವಾಗಿ ರೋಮಿಗೆ ಹೋಗಿ, ಪೋಪರಿಗೆ ಸಿಹಿ ತಿನಿಸು ಒಪ್ಪಿಸಿ ಪಾಪ ಪರಿಹಾರದ ಹಕ್ಕನ್ನು ನವೀಕರಿಸಿಕೊಂಡು ಬಂದ ಎಂದು ಜಾನ್ ಫಾಕ್ಸ್ ಎಂಬ ಲೇಖಕ ಬರೆದಿದ್ದಾನೆ. ದೀಪಕ್ಕೆ ಎಣ್ಣೆ ತಂದವನೇ ಆಮೇಲೆ ದೀಪ ಆರಿಸಿದ ಎನ್ನಬೇಕು. 1540ರಲ್ಲಿ ಅರಸ ಅವನ ತಲೆಯನ್ನೂ ತೆಗೆಸಿದ.

ಮಠಗಳ ಗತಿ ನೋಡಿದ ಜನರಿಗೆ ಮುಂದಿನ ಸರದಿ ಯಾರದು ಎಂದು ಗೊತ್ತಾಗದೆ ಇರುತ್ತದೆಯೇ? ಎಷ್ಟೋ ಕಡೆ ಹೊಸಬರು ಸೇರುವುದು ಕಡಿಮೆಯಾಯಿತು. ನಾಳೆ ಅರಸ ಬಾಚಿಕೊಳ್ಳುವ ಪೆಟ್ಟಿಗೆಗೆ ಇವತ್ತು ಯಾರು ದುಡ್ಡು ಹಾಕುತ್ತಾರೆ? ಕೆಲವು ಕಡೆ ಬೆಳ್ಳಿ ಪಾತ್ರೆಗಳನ್ನು ಮೊದಲೇ ಮಾರಿಕೊಂಡರು. 1544ರಿಂದ ಅರಸ ನಾಣ್ಯದ ಬೆಳ್ಳಿಯಲ್ಲಿ ತಾಮ್ರ ಬೆರೆಸಿದ್ದರಿಂದ ಬೆಲೆ ಏರಿ, ಹಳೆಯ ಬಾಡಿಗೆಗೆ ಬೆಲೆಯೇ ಇಲ್ಲದಂತಾಯಿತು. 1545ರಲ್ಲಿ ಗಿಲ್ಡ್ ಮತ್ತು ಪೂಜಾ ದತ್ತಿಗಳನ್ನು ಅರಸ ವಶಪಡಿಸಿಕೊಳ್ಳಬಹುದು ಎಂಬ ಕಾನೂನು ಬಂತು. 1547ರ ಜನವರಿಯಲ್ಲಿ ಹೆನ್ರಿ ಸತ್ತ. 9 ವರ್ಷದ ಮಗ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ. ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೇ ಕಾನೂನು ಆಯಿತು. ಸತ್ತವರ ಆತ್ಮಕ್ಕೆ ಪೂಜೆ ಮಾಡಿಸುವುದು ಮೂಢನಂಬಿಕೆ, ಆ ಹಣವನ್ನು ಶಾಲೆಗೂ ಬಡವರಿಗೂ ಬಳಸೋಣ ಎಂದು ಅದರಲ್ಲಿ ಹೇಳಿತ್ತು. 1548ರಲ್ಲಿ ಅಧಿಕಾರಿಗಳು ಊರೂರಿಗೆ ಬಂದು ಜಮೀನು, ಮನೆ, ಪಾತ್ರೆ ಪಟ್ಟಿ ಮಾಡಿಕೊಂಡು ಹೋದರು. ಬಹಳಷ್ಟು ಆಸ್ತಿ ಮಾರಾಟವಾಗಿ ಯುದ್ಧದ ಖರ್ಚಿಗೆ ಹೋಯಿತು. 1388ರಲ್ಲಿ ಕೇಳಿದ್ದು ಸುಮಾರು 160 ವರ್ಷದ ನಂತರ ಕೈಗೂಡಿತು.

ಗಿಲ್ಡ್‌ಗಳು ಆಗಲೇ ಒಳಗೆ ಹುಳ ಹಿಡಿದು ಕೊಳೆತಿದ್ದವು, ಅರಸ ತಳ್ಳಿದ್ದಷ್ಟೇ ಎಂದು ಹಿಂದಿನ ಇತಿಹಾಸಕಾರರಲ್ಲಿ ಹಲವರು ಬರೆದರು. 1984ರಲ್ಲಿ ಸ್ಕಾರಿಸ್‌ಬ್ರಿಕ್, 1992ರಲ್ಲಿ ಈಮನ್ ಡಫಿ ಎಂಬ ವಿದ್ವಾಂಸರು ಪುಸ್ತಕ ಬರೆದು, ಇಲ್ಲ, ಕೊನೆಯವರೆಗೂ ಜನಕ್ಕೆ ಅವು ಬೇಕಾಗಿದ್ದವು ಎಂದರು. ನಮ್ಮಂಥವರಿಗೆ ತೋರುವುದು, ಎರಡೂ ನಿಜ ಇರಬಹುದು. ಕೆಲವು ಬಾಡಿದ್ದವು, ಕೆಲವು ಚಿಗುರುತ್ತಿದ್ದವು. ಕೊಡಲಿ ಎರಡನ್ನೂ ಕಡಿಯಿತು.

ವಾಪಸ್ಸು ಬಂದದ್ದು, ಬಾರದೇ ಹೋದದ್ದು

ಎಲ್ಲರೂ ಸುಮ್ಮನೆ ಕೂರಲಿಲ್ಲ. ಲಿನ್ ಮತ್ತು ಕೊವೆಂಟ್ರಿ ಊರಿನ ಪ್ರತಿನಿಧಿಗಳು ಪಾರ್ಲಿಮೆಂಟಿನಲ್ಲೇ ಎದ್ದು ವಿರೋಧ ಮಾಡಿದರು. ಅವರ ಬಾಯಿ ಮುಚ್ಚಿಸಲು ಸರ್ಕಾರ ನಿಮ್ಮ ಗಿಲ್ಡ್ ಜಮೀನು ವಾಪಸ್ಸು ಕೊಡುತ್ತೇವೆ ಎಂದು ಮಾತು ಕೊಡಬೇಕಾಯಿತು. ಲಡ್ಲೋ ಊರಿನವರು ಹಟ ಹಿಡಿದು ಓಡಾಡಿ, 1552ರಲ್ಲಿ ಗಿಲ್ಡ್‌ನ ಆಸ್ತಿಯನ್ನು ಊರಿನ ಪುರಸಭೆಯ ಹೆಸರಿಗೆ ಮಾಡಿಸಿಕೊಂಡರು. ಸ್ಟ್ರಾಟ್‌ಫರ್ಡ್‌ಗೆ 1553ರ ಜೂನ್‌ನಲ್ಲಿ, ಎಡ್ವರ್ಡ್ ಅರಸ ಸಾಯುವುದಕ್ಕೆ ಕೆಲವೇ ದಿನ ಮೊದಲು ಸನ್ನದು ಸಿಕ್ಕಿತು. ಗಿಲ್ಡ್‌ನ ಆಸ್ತಿ ಊರಿಗೆ ಬಂತು, ಶಾಲೆ ಉಳಿಯಿತು, ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್ ಸಂಬಳ ಗೊತ್ತಾಯಿತು, ಮುದುಕರ ವಸತಿ ಉಳಿಯಿತು. ಷೇಕ್ಸ್‌ಪಿಯರ್ ಓದಿದ್ದು ಆ ಶಾಲೆಯಲ್ಲೇ ಎಂದು ವಿದ್ವಾಂಸರು ನಂಬುತ್ತಾರೆ. ಅವನು ಹುಟ್ಟಿದ 1564ರ ಸುಮಾರಿಗೆ ಊರಿನ ಖಜಾಂಚಿ ಕೆಲಸ ನೋಡುತ್ತಿದ್ದವನು ಅವನ ತಂದೆ ಜಾನ್. ಗಿಲ್ಡ್‌ನ ಗುಡಿಯಲ್ಲಿದ್ದ ಚಿತ್ರಗಳನ್ನು ಅಳಿಸಲು 2 ಶಿಲಿಂಗ್ ಖರ್ಚು ಎಂದು ಆ ಲೆಕ್ಕದಲ್ಲಿ ಬರೆದಿದೆ.

ಇಷ್ಟು ವಾಪಸ್ಸು ಬಂತು. ಬಾರದೇ ಹೋದದ್ದು ಯಾವುದು? ಪುರಸಭೆಯಲ್ಲಿ ಕೂತವರು ಊರಿನ ಹಣವಂತ ಗಂಡಸರು. ವಂತಿಗೆ ಕೊಟ್ಟು ಹೆಸರು ಬರೆಸಿದ್ದ ಅಕ್ಕತಂಗಿಯರಿಗೆ ಅಲ್ಲಿ ಜಾಗ ಇಲ್ಲ. ಹಳ್ಳಿಯ ಸಣ್ಣ ಗಿಲ್ಡ್‌ಗಳಿಗೆ ಅರಸನ ಹತ್ತಿರ ಓಡಾಡುವ ಶಕ್ತಿ ಎಲ್ಲಿಂದ ಬರಬೇಕು? ಅವು ಹೆಸರಿಲ್ಲದಂತೆ ಹೋದವು. 1553ರಲ್ಲಿ ಮೇರಿ ರಾಣಿ ಬಂದು ಹಳೆಯ ಪೂಜೆಗೆ ಮತ್ತೆ ಅವಕಾಶ ಕೊಟ್ಟಾಗ ಕೆಲವು ಕಡೆ ಗಿಲ್ಡ್ ಪುನಃ ಶುರುವಾದವು, ಹೆಚ್ಚಿನವು ಏಳಲೇ ಇಲ್ಲ. ಮಾರಿದ ಜಮೀನೂ ಕೊಂಡವರ ಕೈಯಿಂದ ಬರಲಿಲ್ಲ. ಮುಂದೆ 1601ರಲ್ಲಿ ಬಡವರ ಕಾನೂನು ಗಟ್ಟಿಯಾಗಿ, ಉಳ್ಳವರಿಂದ ತೆರಿಗೆ ಎತ್ತಿ ಇಲ್ಲದವರಿಗೆ ಕೊಡುವ ಪದ್ಧತಿ ನೆಲೆಯಾಯಿತು. ಸಹಾಯ ಸಿಕ್ಕಿತು, ಸುಳ್ಳಲ್ಲ. ಆದರೆ ಗಿಲ್ಡ್‌ನಲ್ಲಿ ಕೊಡುವವನ ಹೆಸರೂ ಪಡೆಯುವವನ ಹೆಸರೂ ಒಂದೇ ಪುಸ್ತಕದಲ್ಲಿ ಇರುತ್ತಿತ್ತು. ಈಗ ಎರಡು ಪುಸ್ತಕವಾಯಿತು. ಕೈ ಚಾಚುವವನು ಸದಸ್ಯನಲ್ಲ, ಬಡವ.

ಅದೇ ಇಂಗ್ಲೆಂಡಿನಲ್ಲಿ 1844ರಲ್ಲಿ ರಾಚ್‌ಡೇಲ್ ಊರಿನ ನೇಕಾರರು ಮತ್ತಿತರರು ಸೇರಿ ಸಹಕಾರಿ ಅಂಗಡಿ ತೆರೆದರು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಗಿಲ್ಡ್‌ಗೂ ಇವಕ್ಕೂ ನೇರ ಕೊಂಡಿ ಇದೆ ಎಂದು ನಾವು ಹೇಳುವುದಿಲ್ಲ. ಸಣ್ಣವರು ಸೇರದೆ ಬದುಕಲಾರರು ಎಂಬುದನ್ನು ಜನ ಮತ್ತೆ ಮತ್ತೆ ಕಲಿಯಬೇಕಾಯಿತು ಅಷ್ಟೇ.

ನಮ್ಮ ಮನೆಯ ಮಾತು

ಈಗ ನಮ್ಮ ಸಂಘಕ್ಕೆ ಬರೋಣ. ಇಪ್ಪತ್ತೈದು ವರ್ಷದ ಹಿಂದೆ ಹಿರಿಯರು ಮನೆಮನೆ ತಿರುಗಿ, ಕೆಲವರ ಕೈಲಿ ಬೈಸಿಕೊಂಡು ಷೇರು ಹಣ ಕೂಡಿಸಿದರು. ಅವತ್ತಿನ ಮಹಾಸಭೆಗೆ ಚಾವಡಿಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಇವತ್ತು ಗೋದಾಮು ಇದೆ, ರಸ್ತೆ ಬದಿ ಬಾಡಿಗೆ ಮಳಿಗೆಗಳಿವೆ, ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಸಂತೋಷ. ಆದರೆ ಕಳೆದ ಎರಡು ಮಹಾಸಭೆಗೆ ಕೋರಂ ಆಗದೆ, ನಾವೇ ಹುಡುಗರನ್ನು ಮನೆಮನೆಗೆ ಓಡಿಸಿ ಪುಸ್ತಕಕ್ಕೆ ರುಜು ಹಾಕಿಸಿದ್ದು ನಿಮಗೆಲ್ಲ ಗೊತ್ತು. ರುಜು ಹಾಕಿದವರಲ್ಲಿ ಎಷ್ಟೋ ಜನ ಜಮಾಖರ್ಚು ಕೇಳದೆ ಎದ್ದು ಹೋದರು. ತಪ್ಪು ಅವರದಷ್ಟೇ ಅಲ್ಲ, ಕುರ್ಚಿಯಲ್ಲಿ ಕೂತ ನಮ್ಮದೂ ಹೌದು. ಕೇಳುವವರಿಲ್ಲದಿದ್ದರೆ ಓದುವವರಿಗೂ ಸಲೀಸು ನೋಡಿ.

ಬೆಳ್ಳಿಹಬ್ಬದ ನಂತರದ ಮಹಾಸಭೆಗೆ ಇನ್ನೂ ನಾಲ್ಕು ಮಳಿಗೆ ಕಟ್ಟುವ ವಿಷಯ ಬರುತ್ತದೆ. ಬಾಡಿಗೆ ಹೆಚ್ಚಾದರೆ ಸದಸ್ಯರಿಗೆ ತಾಪತ್ರಯವೇ ಇರದು, ಹೊಸ ಷೇರು ಎತ್ತುವ ಕೆಲಸವೂ ತಪ್ಪುತ್ತದೆ ಎಂದು ಕೆಲವರ ಅಭಿಪ್ರಾಯ. ಮಳಿಗೆ ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ಗಿಲ್ಡ್‌ಗಳ ಕಥೆ ಕೇಳಿದ ಮೇಲೆ ನಮಗೆ ತೋರುವುದು ಇಷ್ಟು. ಗೋಡೆ, ಜಮೀನು, ಬಾಡಿಗೆ ಇವನ್ನು ಬರೆದುಕೊಂಡು ಹೋಗಲು ಒಬ್ಬ ಅಧಿಕಾರಿ, ಒಂದು ಕಾಗದ ಸಾಕು. ಹೋದದ್ದು ಹೋರಾಡಿದರೆ ವಾಪಸ್ಸೂ ಬಂದೀತು. ಲಡ್ಲೋ ಊರಿಗೆ ಬಂದದ್ದು ಅಲ್ಲಿನ ಜನ ಕೇಳಿದ್ದರಿಂದ. ಆದರೆ ವರ್ಷಕ್ಕೊಮ್ಮೆ ಕೂಡುವ, ಲೆಕ್ಕ ಕೇಳುವ, ಒಟ್ಟಿಗೆ ಉಣ್ಣುವ ರೂಢಿ ಒಂದು ಸಲ ಬಿಟ್ಟುಹೋದರೆ ಯಾವ ಸನ್ನದೂ ಅದನ್ನು ತಂದುಕೊಡುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ಮಳಿಗೆ ಕಟ್ಟುವ ಮೊದಲು, ಷೇರು ಪಡೆಯದ ಮನೆಗಳ, ಅದರಲ್ಲೂ ಹೆಣ್ಣುಮಕ್ಕಳ ಹೆಸರು ಈ ವರ್ಷ ಸದಸ್ಯರ ಪುಸ್ತಕಕ್ಕೆ ಬರಲಿ. ಮಹಾಸಭೆಯ ದಿನ ಜಮಾಖರ್ಚನ್ನು ಪೂರ್ತಿ ಓದಿಸೋಣ, ಆಮೇಲೆ ಊಟ. ಕರೆಯಲು ಹುಡುಗರನ್ನು ಕಳಿಸುವುದಿಲ್ಲ. ತಾವಾಗಿಯೇ ಬನ್ನಿ, ಬಂದು ನಮ್ಮನ್ನು ಲೆಕ್ಕ ಕೇಳಿ.

ಜೈ ಸಹಕಾರ.